ಮುರಿದ ಭರ್ಜಿ: ಒಬ್ಬ ತಂದೆ, ನಾಲ್ವರು ಮಕ್ಕಳು

ಅಮೆರಿಕೆಯ ‘ವೆಸ್ಟರ್ನ್’ ಚಲಚ್ಚಿತ್ರಗಳೆಂದರೆ ನಮ್ಮ ಗೃಹಸ್ಥರಲ್ಲಿ ಬಹುಮಂದಿಗೆ ಒಂದು ಬಗೆಯ ತಾತ್ಸಾರವುಂಟು. ಕುದುರೆ, ಕೋವಿ, ಧೂಳು, ಅಟ್ಟಿಸಿಕೊಂಡು ಹೋಗುವುದು, ಕೊನೆಗೊಂದು ಹೊಡೆದಾಟ. ಇಷ್ಟೇ ಅಲ್ಲವೆ, ಹುಡುಗರು ರಜೆಯಲ್ಲಿ ನೋಡಿಕೊಳ್ಳಲಿ ಎಂದು ಹಿರಿಯರು ಮುಖ ತಿರುಗಿಸುವರು. ಈ ತಾತ್ಸಾರವು ಕೇವಲ ನಿರಾಧಾರವೆಂದು ನಾವು ವಾದಿಸಹೊರಟಿಲ್ಲ. ಆ ಜಾತಿಯ ಚಿತ್ರಗಳಲ್ಲಿ ಬಹುಪಾಲು ಒಂದೇ ಅಚ್ಚಿನಿಂದ ಎರಕಹೊಯ್ದವುಗಳೇ ಸರಿ. ಆದರೆ ಅಚ್ಚು ಒಂದೇ ಆದರೂ ಒಳಗೆ ಹೊಯ್ದ ಲೋಹವು ಬೇರೆಯಾಗಿರುವುದು ಎಲ್ಲೋ ಒಮ್ಮೊಮ್ಮೆ ಕಂಡುಬರುತ್ತದೆ. ಅಂಥ ಒಂದು ಚಿತ್ರವನ್ನು ಕುರಿತು ವಾಚಕರೊಡನೆ ನಾಲ್ಕು ಮಾತನಾಡಬೇಕೆಂಬುದು ನಮ್ಮ ಇಷ್ಟ. ಅದರ ಹೆಸರು ‘ಬ್ರೋಕನ್ ಲ್ಯಾನ್ಸ್’, ಎಂದರೆ ‘ಮುರಿದ ಭರ್ಜಿ’. 1954ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯವರು ಇದನ್ನು ಹೊರತಂದರು. ನಿರ್ದೇಶಕರು ಎಡ್ವರ್ಡ್ ಡ್ಮಿಟ್ರಿಕ್. ತಂದೆಯ ಪಾತ್ರದಲ್ಲಿ ಸ್ಪೆನ್ಸರ್ ಟ್ರೇಸಿ, ಹಿರಿಯ ಮಗನಾಗಿ ರಿಚರ್ಡ್ ವಿಡ್‌ಮಾರ್ಕ್, ಕಿರಿಯ ಮಗನಾಗಿ ರಾಬರ್ಟ್ ವ್ಯಾಗ್ನರ್, ನಡುವಣ ಇಬ್ಬರಾಗಿ ಹ್ಯೂ ಓಬ್ರಿಯನ್ ಮತ್ತು ಅರ್ಲ್ ಹಾಲಿಮನ್ ನಟಿಸಿರುವರು.

ಇದರಲ್ಲಿಯೂ ಕುದುರೆಗಳುಂಟು, ಕೋವಿಗಳುಂಟು. ಆದರೆ ಚಿತ್ರದ ಜೀವಾಳವೆಲ್ಲ ಊಟದ ಮೇಜಿನ ಸುತ್ತಲೂ ಆಸ್ತಿಯ ಕಾಗದದ ಸುತ್ತಲೂ ಇರುವುದು. ತಂದೆ ಗಳಿಸಿದ ಸ್ವತ್ತು ಯಾರದು? ಅವನೊಡನೆ ದುಡಿದ ಮಕ್ಕಳಿಗೆ ಅದರಲ್ಲಿ ಹಕ್ಕು ಯಾವಾಗ ಹುಟ್ಟುತ್ತದೆ? ಎರಡನೆಯ ಹೆಂಡತಿಯ ಮಗನಿಗೆ ಹೆಚ್ಚು ಪ್ರೀತಿ ಸಂದರೆ ಮೊದಲನೆಯವಳ ಮಕ್ಕಳು ಅದನ್ನು ಹೇಗೆ ನುಂಗಿಕೊಳ್ಳಬೇಕು? ಇಂಥ ಪ್ರಶ್ನೆಗಳನ್ನು ಕೇಳಲು ನಮ್ಮಲ್ಲಿ ಯಾರೂ ಅರಿಝೋನದವರೆಗೆ ಪ್ರಯಾಣ ಮಾಡಬೇಕಾಗಿಲ್ಲ!

ಕಥೆಯು ನಡೆಯುವುದು 1880ರ ಸುಮಾರಿನಲ್ಲಿ, ಅಮೆರಿಕೆಯ ನೈಋತ್ಯ ಭಾಗದಲ್ಲಿ. ಮ್ಯಾಟ್ ಡೆವೆರೊ ಎಂಬವನು ಐರ್ಲೆಂಡಿನಿಂದ ವಲಸೆಬಂದು, ಬರಿಗೈಯಲ್ಲಿ ಆರಂಭಿಸಿ, ಕಣ್ಣು ಹಾಯುವಷ್ಟು ದೂರದ ಹುಲ್ಲುಗಾವಲಿಗೂ ಲೆಕ್ಕವಿಲ್ಲದಷ್ಟು ದನಗಳಿಗೂ ಒಡೆಯನಾದವನು. ಮೊದಲನೆಯ ಹೆಂಡತಿಯು ಆ ಕಷ್ಟದ ದಿನಗಳಲ್ಲಿಯೇ ತೀರಿಹೋದಳು. ಅವಳ ಮಕ್ಕಳು ಬೆನ್, ಮೈಕ್, ಡೆನ್ನಿ. ಅನಂತರ ಅವನು ಆ ನಾಡಿನ ಮೂಲನಿವಾಸಿಗಳಾದ ಕೊಮಾಂಚೆಯರ ಹೆಣ್ಣೊಬ್ಬಳನ್ನು ಮದುವೆಯಾದನು. ಅವಳ ಮಗನೇ ಜೋ. ಚಿತ್ರವು ತೆರೆದುಕೊಳ್ಳುವಾಗ ಈ ಜೋ ಮೂರು ವರ್ಷಗಳ ಸೆರೆವಾಸವನ್ನು ಮುಗಿಸಿ ಹೊರಬರುತ್ತಿರುವನು. ತಂದೆ ಆ ವೇಳೆಗೆ ಸತ್ತುಹೋಗಿರುವನು. ಅಣ್ಣಂದಿರು ಮೂವರೂ ಅವನನ್ನು ಗವರ್ನರರ ಕಚೇರಿಯಲ್ಲಿ ಎದುರುಗೊಂಡು, ಹತ್ತು ಸಾವಿರ ಡಾಲರುಗಳನ್ನೂ ದೂರದ ಪ್ರಾಂತದಲ್ಲಿ ನೆಲವನ್ನೂ ಕೊಡುವೆವು, ಈ ಊರನ್ನು ಬಿಟ್ಟುಹೋಗು ಎನ್ನುವರು. ಅವನು ಹಣವನ್ನು ಕೈಗೆ ತೆಗೆದುಕೊಂಡು ಪೀಕದಾನಿಯೊಳಗೆ ಹಾಕಿ ಹೊರಟುಹೋಗುವನು. ಹಾಳುಬಿದ್ದ ಮನೆಗೆ ಒಬ್ಬನೇ ಬಂದು, ಗೋಡೆಯ ಮೇಲಿರುವ ತಂದೆಯ ಚಿತ್ರಪಟದ ಎದುರಿಗೆ ನಿಲ್ಲುವನು. ಹಿಂದಿನ ಕಥೆಯೆಲ್ಲವೂ ಅಲ್ಲಿಂದ ನಮಗೆ ತಿಳಿದುಬರುತ್ತದೆ.

ಮ್ಯಾಟನು ಮನೆಯಲ್ಲಿ ಆಡಿದುದೇ ಶಾಸನ. ಮೈಕ್ ಮತ್ತು ಡೆನ್ನಿ ತಂದೆಯ ದನಗಳನ್ನೇ ಕದ್ದು ಸಾಗಿಸುತ್ತಿರುವಾಗ ಸಿಕ್ಕಿಬೀಳುವರು. ಸ್ವಂತ ಮನೆಯಲ್ಲಿ ಕಳ್ಳರಾಗಬೇಕಾದ ಮಕ್ಕಳ ಸ್ಥಿತಿ ಎಂಥದೆಂದು ತಂದೆಯು ಯೋಚಿಸುವುದಿಲ್ಲ. ಅವರ ಪರವಾಗಿ ಮೃದುವಾಗಿ ಮಾತನಾಡುವವಳು ಮಲತಾಯಿಯೇ. ಈ ಮಧ್ಯೆ ಮೇಲಿನಿಂದ ಹರಿದುಬರುವ ತೊರೆಯ ನೀರನ್ನು ಕುಡಿದ ದನಗಳು ಸತ್ತುಬೀಳುವುವು. ತೊರೆಯ ಮೇಲ್ಭಾಗದಲ್ಲಿ ತಾಮ್ರದ ಗಣಿಯವರು ತಮ್ಮ ಹೊಲಸನ್ನು ನೀರಿಗೆ ಬಿಡುತ್ತಿರುವರು. ಮ್ಯಾಟನು ಗಣಿಗೆ ಹೋಗಿ ಕೇಳುವನು. ಮಾತು ಬೆಳೆದು ಜಗಳವಾಗುವುದು. ಕೊನೆಗೆ ತನ್ನವರೊಡನೆ ದಾಳಿ ಮಾಡಿ ಗಣಿಯನ್ನು ಹಾಳುಗೆಡವುವನು. ಗಣಿಯವರು ನ್ಯಾಯಾಲಯಕ್ಕೆ ಹೋಗುವರು. ಸ್ವತ್ತು ಕೈತಪ್ಪದಿರಲೆಂದು ಮ್ಯಾಟನು ವಕೀಲರ ಸಲಹೆಯಂತೆ ಜಮೀನನ್ನು ನಾಲ್ವರು ಮಕ್ಕಳ ಹೆಸರಿಗೂ ಹಂಚಿ ಬರೆದುಬಿಡುವನು. ದಾಳಿಯ ಹೊಣೆಯನ್ನು ಯಾರಾದರೊಬ್ಬರು ಹೊರಬೇಕಾಗಿ ಬಂದಾಗ ಮುಂದೆ ಬರುವವನು ಜೋ. ಪರಿಹಾರದ ಹಣವನ್ನು ಕೊಟ್ಟು ತಮ್ಮನನ್ನು ಬಿಡಿಸಬಹುದು. ಆದರೆ ಈಗ ಜಮೀನು ಬೆನ್ನನ ಕೈಯಲ್ಲಿಯೂ ಇದೆ. ಅವನು ಕೊಡಲೊಲ್ಲನು. ಜೋ ಸೆರೆಮನೆಗೆ ಹೋಗುವನು.

ಇಲ್ಲಿಯವರೆಗೆ ಹೇಳಿದುದನ್ನು ಕೇಳಿದರೆ ಬೆನ್ನನು ದುಷ್ಟ, ಜೋ ಸಾಧು, ತಂದೆ ದುರದೃಷ್ಟಶಾಲಿ ಎಂದು ವಾಚಕರು ತೀರ್ಮಾನಿಸಿಯಾರು. ಚಿತ್ರವು ಹಾಗೆ ತೀರ್ಮಾನಿಸಲು ಬಿಡುವುದಿಲ್ಲ. ಅದರ ಹೆಚ್ಚಳವಿರುವುದು ಇಲ್ಲಿಯೇ. ಬೆನ್ನನು ಎಳೆಯ ಹುಡುಗನಾಗಿದ್ದಾಗಿನಿಂದ ತಂದೆಯ ಪಕ್ಕದಲ್ಲಿ ಹಗಲಿರುಳೆನ್ನದೆ ದುಡಿದವನು. ಆ ಹುಲ್ಲುಗಾವಲಿನ ವಿಸ್ತಾರದಲ್ಲಿ ಅವನ ಬಾಲ್ಯವೆಲ್ಲ ಹೂತುಹೋಗಿದೆ. ಮೀಸೆ ಬಂದು, ವಯಸ್ಸು ಮೀರುತ್ತ ಬಂದರೂ ಅವನಿಗೆ ದೊರೆಯುತ್ತಿದ್ದುದು ಕೂಲಿಯಾಳಿಗೆ ಕೊಡುವಂಥ ಸಂಬಳ. ಒಂದು ದನವನ್ನು ಮಾರಬೇಕಾದರೂ ತಂದೆಯ ಅಪ್ಪಣೆ ಬೇಕು. ಅವನು ಮದುವೆಯಾಗಿಲ್ಲ, ಬೇರೆ ಮನೆ ಕಟ್ಟಿಲ್ಲ, ತನ್ನ ಬುದ್ಧಿಯಿಂದ ಏನನ್ನೂ ನಡೆಸಿಲ್ಲ. ಇತ್ತ ಜೋ ಹುಟ್ಟುವ ವೇಳೆಗೆ ಮನೆಯಲ್ಲಿ ಸಿರಿ ತುಂಬಿದೆ, ತಂದೆಗೆ ಮಗನನ್ನು ಎತ್ತಿ ಆಡಿಸಲು ಬಿಡುವು ದೊರೆತಿದೆ. ಹಿರಿಯ ಮಗನು ತಂದೆಯ ಬಡತನವನ್ನು ಕಂಡನು, ಕಿರಿಯವನು ತಂದೆಯನ್ನು ಕಂಡನು. ಇವರಿಬ್ಬರಿಗೂ ತಂದೆಯು ಒಬ್ಬನೇ ಎಂದು ಹೇಳುವುದು ರಕ್ತಸಂಬಂಧದ ಮಾತಾದೀತೇ ಹೊರತು ಅನುಭವದ ಮಾತಾಗದು.

ಬೆನ್ನನು ತನ್ನ ಎದೆಯಲ್ಲಿ ಅಷ್ಟು ವರ್ಷ ಕಟ್ಟಿಟ್ಟಿದ್ದುದನ್ನು ತಂದೆಯ ಮುಖದೆದುರಿಗೆ ಹೊರಗೆಡಹುವ ಘಟ್ಟವು ಬಂದಾಗ ವಿಡ್‌ಮಾರ್ಕರು ಕೂಗಾಡುವುದಿಲ್ಲ. ಲೆಕ್ಕ ಒಪ್ಪಿಸುವವನ ಹಾಗೆ ಹೇಳುವರು. ಆಳಿಗಾದರೆ ಬೇರೆ ಯಜಮಾನನನ್ನು ಹುಡುಕಿಕೊಂಡು ಹೋಗುವ ಸ್ವಾತಂತ್ರ್ಯವಿದೆ, ಮಗನಿಗೆ ಅದೂ ಇಲ್ಲ ಎಂಬುದು ಆ ಲೆಕ್ಕದ ಸಾರ. ನಾವು ಈ ಚಿತ್ರವನ್ನು ಮೆಚ್ಚುವುದಕ್ಕೆ ಬೇರೆ ಕಾರಣಗಳು ಇಲ್ಲದಿದ್ದರೂ ಈ ಒಂದು ಭಾಗಕ್ಕಾಗಿ ಮೆಚ್ಚುತ್ತಿದ್ದೆವು. ಖಳನೆಂದು ಗುರುತುಮಾಡಿಟ್ಟಿರುವವನ ಬಾಯಲ್ಲಿ ನ್ಯಾಯವಾದ ಮಾತನ್ನು ಇಡುವ ಧೈರ್ಯವು ಎಲ್ಲ ಕಥೆಗಾರರಿಗೂ ಬರುವುದಿಲ್ಲ.

ಇಲ್ಲಿ ನಮ್ಮ ಧರ್ಮಶಾಸ್ತ್ರವನ್ನು ಬಲ್ಲವರಿಗೆ ಒಂದು ವಿಚಾರವು ಹೊಳೆಯದಿರದು. ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತವಾದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ತಂದೆಯ ಸ್ವಯಾರ್ಜಿತದಲ್ಲಿ ಅಂಥ ಹಕ್ಕಿಲ್ಲ. ಮ್ಯಾಟನ ನಾಡಿನ ಕಾನೂನಿನಲ್ಲಿ ಹುಟ್ಟುಹಕ್ಕಿನ ಮಾತೇ ಇಲ್ಲ. ತಂದೆಯು ಬದುಕಿರುವವರೆಗೂ ಅವನೇ ಪೂರ್ಣ ಒಡೆಯ, ತನಗೆ ಬೇಕಾದವರಿಗೆ ಬರೆದುಕೊಡಬಲ್ಲನು. ಹಾಗಿದ್ದರೂ ಜಗಳದ ತಿರುಳು ನಮಗೆ ಚಿರಪರಿಚಿತವಾದುದೇ. ತಂದೆ ಹೇಳುವುದು: ಇದು ನನ್ನ ಸ್ವಯಾರ್ಜಿತ. ಮಗನು ಹೇಳುವುದು: ನಿನ್ನೊಡನೆ ನನ್ನ ಮೈಯೂ ಬೆವತಿದೆ, ಇದು ಕೂಡಿ ಗಳಿಸಿದ್ದು. ನಮ್ಮ ಜಿಲ್ಲಾ ನ್ಯಾಯಾಲಯಗಳ ಹೊರಜಗಲಿಯಲ್ಲಿ ಒಂದು ದಿನ ಕುಳಿತವರಿಗೆ ಈ ಎರಡು ವಾಕ್ಯಗಳನ್ನು ಮತ್ತೆ ವಿವರಿಸಬೇಕಾಗಿಲ್ಲ. ಮ್ಯಾಟನು ಸ್ವತ್ತನ್ನು ಹಂಚಿದುದೇನೋ ನಿಜ. ಆದರೆ ಮಕ್ಕಳಿಗೆ ಸಲ್ಲಬೇಕೆಂದು ಹಂಚಲಿಲ್ಲ, ಗಣಿಯವರಿಗೆ ಸಿಗಬಾರದೆಂದು ಹಂಚಿದನು. ಪತ್ರಕ್ಕೆ ರುಜು ಹಾಕಿದ ಮೇಲೂ ತಾನೇ ಒಡೆಯನೆಂದು ತಿಳಿದಿದ್ದನು. ಪ್ರೀತಿಯಿಂದ ಹತ್ತು ವರ್ಷ ಮುಂಚೆ ಕೊಟ್ಟಿದ್ದರೆ ಕೃತಜ್ಞತೆಯಿಂದ ಪಡೆಯುತ್ತಿದ್ದ ಮಗನು, ಉಪಾಯಕ್ಕಾಗಿ ಕೊಟ್ಟುದನ್ನು ಹಕ್ಕೆಂದು ಹಿಡಿದುಕೊಂಡನು.

ಇನ್ನು ಆ ಮನೆಯ ಗೃಹಿಣಿಯ ವಿಷಯ. ಊರಿನವರೆಲ್ಲ ಅವಳನ್ನು ‘ಸೆನ್ಯೋರಾ’ ಎಂದು ಕರೆಯುವರು. ಇದು ಸ್ಪ್ಯಾನಿಷ್ ಭಾಷೆಯಲ್ಲಿ ಗೌರವಾನ್ವಿತ ಸ್ತ್ರೀಯನ್ನು ಸಂಬೋಧಿಸುವ ಪದ. ಮೇಲುನೋಟಕ್ಕೆ ಮರ್ಯಾದೆಯೇ. ಆದರೆ ಅವಳು ಸ್ಪ್ಯಾನಿಷ್ ಕುಲದವಳಲ್ಲ, ಕೊಮಾಂಚೆಯವಳು. ಅದನ್ನು ಬಾಯಿಬಿಟ್ಟು ಹೇಳಿದರೆ ಶ್ರೀಮಂತನಾದ ಮ್ಯಾಟನ ಮನೆಯಲ್ಲಿ ಊಟಕ್ಕೆ ಕುಳಿತುಕೊಳ್ಳುವುದು ಬಿಳಿಯರಿಗೆ ಕಷ್ಟವಾದೀತು. ಆದುದರಿಂದ ಎಲ್ಲರೂ ಕೂಡಿ ಒಂದು ಸುಳ್ಳನ್ನು ಗೌರವವೆಂಬ ಬಟ್ಟೆಯಲ್ಲಿ ಸುತ್ತಿಟ್ಟಿರುವರು. ಮ್ಯಾಟನ ಸಹಾಯದಿಂದಲೇ ಪದವಿಗೆ ಬಂದ ಗವರ್ನರನು, ತನ್ನ ಮಗಳು ಬಾರ್ಬರಾ ಜೋನನ್ನು ಒಲಿದಿರುವಳೆಂದು ತಿಳಿದಾಗ ಆ ಬಟ್ಟೆಯು ಹರಿದುಹೋಗುವುದು. ಹಳೆಯ ಸ್ನೇಹಿತನು ಅಳುಕುತ್ತ, ನಾಚುತ್ತ, ಆದರೂ ಪಟ್ಟುಬಿಡದೆ, ನಿನ್ನ ಮಗನು ಒಳ್ಳೆಯವನೇ, ಆದರೆ ಅವನ ತಾಯಿ ಎಂದು ಮೊದಲುಮಾಡುವ ಆ ಸಂಭಾಷಣೆಯಲ್ಲಿ ಟ್ರೇಸಿಯವರ ಮುಖವನ್ನು ನೋಡಬೇಕು. ಮೊದಲು ತಮಾಷೆಯೆಂದು ತಿಳಿದು ನಗುವಿಗೆ ಸಿದ್ಧವಾದ ಮುಖವು, ಯಾವ ಅಂಗವೂ ಚಲಿಸಿದಂತೆ ಕಾಣದೆ, ಮೆಲ್ಲಮೆಲ್ಲನೆ ಗಡಸಾಗುತ್ತ ಹೋಗುವುದು. ಜಾತಿಕುಲಗಳ ತೊಡಕನ್ನು ಬಲ್ಲ ನಮ್ಮಂಥವರಿಗೆ ಆ ಕ್ಷಣದಲ್ಲಿ ಯಾವ ಭಾಷಾಂತರವೂ ಬೇಡ.

ಸೆನ್ಯೋರಾಳ ಪಾತ್ರವನ್ನು ವಹಿಸಿದವರು ಮೆಕ್ಸಿಕೋ ದೇಶದ ಕೇಟಿ ಹುರಾಡೊ. ಮೊದಲು ಈ ಪಾತ್ರಕ್ಕೆ ಗೊತ್ತಾಗಿದ್ದವರು ಅದೇ ದೇಶದ ಹಿರಿಯ ನಟಿ ಡೊಲೊರೆಸ್ ಡೆಲ್ ರಿಯೊ. ಕಮ್ಯೂನಿಸ್ಟರ ಪಕ್ಷಪಾತಿಯೆಂಬ ಸಂದೇಹದ ಮೇಲೆ ಅಮೆರಿಕೆಯ ಸರಕಾರವು ಅವರಿಗೆ ಕೆಲಸಮಾಡಲು ಅನುಮತಿ ಕೊಡಲಿಲ್ಲ. ಹೀಗೆ ದೊರೆತ ಪಾತ್ರದಿಂದ ಹುರಾಡೊ ಅವರು ಅತ್ಯುತ್ತಮ ಪೋಷಕನಟಿಯೆಂಬ ಆಸ್ಕರ್ ಪಾರಿತೋಷಕಕ್ಕೆ ನಾಮನಿರ್ದೇಶಿತರಾದರು. ಒಂದು ತಮಾಷೆಯ ಸಂಗತಿಯನ್ನು ಇಲ್ಲಿ ಹೇಳಬಹುದು. ಹುರಾಡೊ ಹುಟ್ಟಿದುದು 1924ರಲ್ಲಿ. ಮಲಮಗನಾಗಿ ನಟಿಸಿದ ವಿಡ್‌ಮಾರ್ಕರು 1914ರಲ್ಲಿ, ಹೆತ್ತ ಮಗನಾಗಿ ನಟಿಸಿದ ವ್ಯಾಗ್ನರರು 1930ರಲ್ಲಿ. ಮಲಮಗನಿಗಿಂತ ಹತ್ತು ವರ್ಷ ಕಿರಿಯಳೂ ಸ್ವಂತ ಮಗನಿಗಿಂತ ಆರೇ ವರ್ಷ ಹಿರಿಯಳೂ ಆದ ತಾಯಿ! ಆದರೂ ತೆರೆಯ ಮೇಲೆ ಅವರು ಬಂದು ನಿಂತಾಗ ಈ ಲೆಕ್ಕವು ಯಾರ ನೆನಪಿಗೂ ಬರುವುದಿಲ್ಲ. ಅವರ ಮೌನಕ್ಕೆ ಅಷ್ಟು ವಯಸ್ಸಾಗಿದೆ.

ಗಣಿಯ ಪ್ರಸಂಗವು ಕೇವಲ ಕಥೆಗಾಗಿ ಹೆಣೆದುದಲ್ಲ. ಅರಿಝೋನದ ಕ್ಲಿಫ್ಟನ್, ಮೊರೆನ್ಸಿ ಮುಂತಾದ ಕಡೆಗಳಲ್ಲಿ 1870ರ ದಶಕದಿಂದಲೇ ತಾಮ್ರದ ಗಣಿಗಳು ಎದ್ದವು. ಅದಿರನ್ನು ತೊಳೆದುಳಿದ ಕೆಸರು ಹೊಳೆಗೆ ಸೇರಿ ಕೆಳಗಿನ ರೈತರ ಕಾಲುವೆಗಳನ್ನೂ ಹೊಲಗಳನ್ನೂ ಕೆಡಿಸತೊಡಗಿತು. ಗಿಲೆಸ್ಪಿ ಎಂಬ ವ್ಯವಸಾಯಗಾರನು ಅರಿಝೋನ ಕಾಪರ್ ಕಂಪೆನಿಯ ಮೇಲೆ ಹೂಡಿದ ವ್ಯಾಜ್ಯವು ಅಮೆರಿಕೆಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1913ರಲ್ಲಿ ಅಲ್ಲಿಯೂ ರೈತನ ಪಕ್ಷವೇ ಗೆದ್ದಿತು. ಮ್ಯಾಟನ ಕಾಲಕ್ಕೆ ಆ ತೀರ್ಪು ಇನ್ನೂ ಹುಟ್ಟಿರಲಿಲ್ಲವೆಂಬುದು ಸರಿ. ಆದರೆ ಇದ್ದಿದ್ದರೂ ಅವನು ನ್ಯಾಯಾಲಯದ ಮೆಟ್ಟಿಲನ್ನು ಹತ್ತುತ್ತಿದ್ದನೆಂದು ನಮಗೆ ತೋರುವುದಿಲ್ಲ. ತಾನು ಆ ನೆಲಕ್ಕೆ ಬಂದಾಗ ಅಲ್ಲಿ ಕಾನೂನೇ ಇರಲಿಲ್ಲ, ತಾನೇ ಕಾನೂನಾಗಿದ್ದೆನು ಎಂಬುದು ಅವನ ಹೆಮ್ಮೆ. ಸಾಕ್ಷಿಯ ಕಟಕಟೆಯಲ್ಲಿ ನಿಂತು, ಎದುರುಪಕ್ಷದ ವಕೀಲನ ಒಂದೊಂದು ಪ್ರಶ್ನೆಗೂ ಆ ಹೆಮ್ಮೆಯಿಂದಲೇ ಉತ್ತರ ಕೊಡುತ್ತ, ಕೊಟ್ಟ ಪ್ರತಿಯೊಂದು ಉತ್ತರದಿಂದಲೂ ತನ್ನ ಮೊಕದ್ದಮೆಯನ್ನು ತಾನೇ ಕೆಡಿಸಿಕೊಳ್ಳುವ ದೃಶ್ಯವು ನೋಡತಕ್ಕುದು. ನೀರಿನ ವಿಷಯದಲ್ಲಿ ಅವನು ಹೇಳುವುದು ನಿಜ. ಅದನ್ನು ಹೇಳುವ ರೀತಿಯಿಂದ ಅವನು ಸೋಲುವನು.

ಈ ಕಥೆಯನ್ನು ಷೇಕ್ಸ್‌ಪಿಯರನ ಲಿಯರ್ ಮಹಾರಾಜನ ಕಥೆಯೊಡನೆ ಹೋಲಿಸುವ ವಾಡಿಕೆಯುಂಟು. ಎಂ. ಎಸ್. ಪುಟ್ಟಣ್ಣನವರು ಆ ನಾಟಕವನ್ನು ‘ಹೇಮಚಂದ್ರರಾಜ ವಿಲಾಸ’ವೆಂಬ ಹೆಸರಿನಲ್ಲಿ ಕನ್ನಡಕ್ಕೆ ತಂದುದನ್ನು ಬಲ್ಲ ವಾಚಕರು ಹೋಲಿಕೆಯನ್ನು ತಾವೇ ಕಂಡುಕೊಳ್ಳುವರು: ಬದುಕಿರುವಾಗಲೇ ಸ್ವತ್ತನ್ನು ಹಂಚಿದ ಮುದುಕ, ಕೈಗೆ ಬಂದೊಡನೆ ಮುಖ ತಿರುಗಿಸಿದ ಹಿರಿಯ ಸಂತಾನ, ನೊಂದರೂ ಬಿಡದ ಕಿರಿಯ ಸಂತಾನ. ಆದರೆ ವ್ಯತ್ಯಾಸವೇ ನಮಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಲಿಯರನ ಹಿರಿಯ ಹೆಣ್ಣುಮಕ್ಕಳು ಹೇಗೆ ಬೆಳೆದರು, ತಂದೆಯ ಕೈಯಲ್ಲಿ ಏನನ್ನು ಅನುಭವಿಸಿದರು ಎಂಬುದನ್ನು ಮಹಾಕವಿಯು ನಮಗೆ ಹೇಳಹೋಗಲಿಲ್ಲ. ಇಲ್ಲಿ ಬೆನ್ನನು ಹೇಳುವನು.

ಕಥೆಯು ನೇರವಾಗಿ ಬಂದುದು ಮಾತ್ರ ಷೇಕ್ಸ್‌ಪಿಯರನಿಂದಲ್ಲ. ಜೆರೋಮ್ ವೈಡ್‌ಮನ್ ಬರೆದ ಒಂದು ಕಾದಂಬರಿಯ ಆಧಾರದ ಮೇಲೆ 1949ರಲ್ಲಿ ‘ಹೌಸ್ ಆಫ್ ಸ್ಟ್ರೇಂಜರ್ಸ್’ ಎಂಬ ಚಿತ್ರವು ಬಂದಿತ್ತು. ಅದರಲ್ಲಿ ತಂದೆಯು ನ್ಯೂಯಾರ್ಕಿನಲ್ಲಿ ಲೇವಾದೇವಿಯಿಂದ ಬ್ಯಾಂಕು ಕಟ್ಟಿದ ಇಟಲಿಯವನು. ಮಕ್ಕಳು ಅಲ್ಲಿಯೂ ನಾಲ್ವರು. ಆ ತಂದೆಯಾಗಿ ಅಭಿನಯಿಸಿದ ಎಡ್ವರ್ಡ್ ಜಿ. ರಾಬಿನ್ಸನ್ನರಿಗೆ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟನೆಂಬ ಪ್ರಶಸ್ತಿಯು ಬಂದಿತು. ಐದು ವರ್ಷಗಳ ಅನಂತರ ಅದೇ ಸಂಸ್ಥೆಯವರು ಬ್ಯಾಂಕನ್ನು ಹುಲ್ಲುಗಾವಲಾಗಿ ಮಾಡಿ ಈ ಚಿತ್ರವನ್ನು ತೆಗೆದರು. ಆಗ ಹೊಸ ಕಥೆಗಾಗಿ ಇಟ್ಟಿದ್ದ ಆಸ್ಕರ್ ಪಾರಿತೋಷಕವನ್ನು ಫಿಲಿಪ್ ಯಾರ್ಡನ್ನರಿಗೆ ಕೊಟ್ಟರು! ಹಳೆಯ ಚಿತ್ರದ ಸಂಭಾಷಣಾಕಾರರೂ ಅವರೇ. ಹಳೆಯ ಸೀರೆಗೆ ಹೊಸ ಬಣ್ಣ ಹಾಕಿಸಿ ಹೊಸ ಸೀರೆಯ ಬಹುಮಾನವನ್ನು ಪಡೆದಂತಾಯಿತು. 1961ರಲ್ಲಿ ಇದನ್ನೇ ಸರ್ಕಸ್ಸಿನ ಡೇರೆಯೊಳಗೆ ಎಳೆದುತಂದು ‘ದಿ ಬಿಗ್ ಷೋ’ ಎಂದು ಮತ್ತೊಂದು ಚಿತ್ರವನ್ನೂ ಮಾಡಿದರು. ಅದರ ಗೊಡವೆ ನಮಗೆ ಬೇಡ.

ಇಷ್ಟು ಗುಣವುಳ್ಳ ಚಿತ್ರವು ಏಕೆ ಮರೆಗೆ ಸರಿಯಿತು? ಮತ್ತೊಂದು ಚಿತ್ರದ ಮರುರೂಪವೆಂಬ ಅಸಡ್ಡೆ ಒಂದು ಕಾರಣ. ಅದಕ್ಕಿಂತ ದೊಡ್ಡದು, ಅದರ ಸುತ್ತಲೂ ನಿಂತಿದ್ದವರ ನೆರಳು. ಅದೇ 1954ರಲ್ಲಿ ಡ್ಮಿಟ್ರಿಕ್ಕರದೇ ಆದ ‘ದಿ ಕೇನ್ ಮ್ಯುಟಿನಿ’ ಹೊರಬಂದು ಎಲ್ಲರ ಬಾಯಲ್ಲಿಯೂ ಅದರ ಮಾತೇ ಆಯಿತು. ಮರುವರ್ಷ ಟ್ರೇಸಿಯವರ ‘ಬ್ಯಾಡ್ ಡೇ ಅಟ್ ಬ್ಲ್ಯಾಕ್ ರಾಕ್’ ಬಂದು, ಮರುಭೂಮಿಯಲ್ಲಿ ನಿಂತ ಟ್ರೇಸಿಯೆಂದರೆ ಜನರು ಅದನ್ನೇ ನೆನೆಯತೊಡಗಿದರು. ಡ್ಮಿಟ್ರಿಕ್ಕರ ವೈಯಕ್ತಿಕ ಚರಿತ್ರೆಯೂ ಅವರ ಕೃತಿಗಳಿಗೆ ಒಳಿತನ್ನು ಮಾಡಲಿಲ್ಲ. 1947ರಲ್ಲಿ ಅಮೆರಿಕೆಯ ಶಾಸನಸಭೆಯ ಸಮಿತಿಯೊಂದರ ಎದುರಿಗೆ ಉತ್ತರ ಹೇಳಲು ನಿರಾಕರಿಸಿದ ಹತ್ತು ಮಂದಿ ಚಿತ್ರೋದ್ಯಮಿಗಳಲ್ಲಿ ಅವರೊಬ್ಬರು. 1950ರಲ್ಲಿ ಸೆರೆಮನೆಯನ್ನು ಕಂಡರು. 1951ರಲ್ಲಿ ಮನಸ್ಸು ಬದಲಿಸಿ, ಹಳೆಯ ಸಂಗಡಿಗರ ಹೆಸರುಗಳನ್ನು ಸಮಿತಿಗೆ ಹೇಳಿದರು. ಒಂದು ಪಕ್ಷದವರು ಮೊದಲನೆಯದನ್ನೂ ಇನ್ನೊಂದು ಪಕ್ಷದವರು ಎರಡನೆಯದನ್ನೂ ಕ್ಷಮಿಸಲಿಲ್ಲ. ಸೆರೆಮನೆಯಿಂದ ಹೊರಬಂದವನು ತನ್ನವರ ಎದುರಿಗೆ ನಿಲ್ಲುವ ಈ ಚಿತ್ರದ ಮೊದಲ ದೃಶ್ಯವನ್ನು ಅಂಥವರು ನಿರ್ದೇಶಿಸಿದರೆಂಬುದು ಗಮನಿಸತಕ್ಕ ವಿಷಯ. ಅದರಿಂದ ಏನನ್ನಾದರೂ ಊಹಿಸುವುದು ವಾಚಕರಿಗೆ ಬಿಟ್ಟುದು.

ದೋಷಗಳಿಲ್ಲವೆಂದಲ್ಲ. ಜೋನ ಪಾತ್ರಕ್ಕೆ ವ್ಯಾಗ್ನರರ ಮೈಗೆ ಕಂದುಬಣ್ಣ ಬಳಿದು ಕೊಮಾಂಚೆಯ ಮಗನನ್ನಾಗಿ ಮಾಡಿದುದು ಇಂದಿನ ಕಣ್ಣಿಗೆ ಹಿತವಾಗದು. ವರ್ಣದ್ವೇಷವನ್ನು ಖಂಡಿಸುವ ಚಿತ್ರದಲ್ಲಿಯೇ ಆ ವರ್ಣದ ನಟನಿಗೆ ಎಡೆಯಿಲ್ಲದೆ ಹೋಯಿತು. ಬಾರ್ಬರಾಳಾಗಿ ಬಂದ ಜೀನ್ ಪೀಟರ್ಸ್ ಅವರಿಗೆ ಜೋನನ್ನು ಕಾಯುವುದನ್ನು ಬಿಟ್ಟು ಹೆಚ್ಚಿನ ಕೆಲಸವಿಲ್ಲ. ಕಡೆಯ ಭಾಗವೂ ನಮಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ತಂದೆಯ ಸಮಾಧಿಯ ಬಳಿ ಅಣ್ಣಂದಿರಿಗೂ ತನಗೂ ನಡುವೆ ಭರ್ಜಿಯನ್ನು ನೆಟ್ಟು ಹಗೆಯನ್ನು ಸಾರಿದ್ದ ಜೋ, ತಾಯಿಯ ಮಾತಿಗೆ ಮಣಿದು ಸೇಡನ್ನು ಬಿಡುವನು. ಬೆನ್ನನು ಅದನ್ನು ನಂಬಲಾರದೆ ತಾನೇ ಅವನ ಮೇಲೆ ಬೀಳುವನು; ಮನೆಯ ಹಳೆಯ ಮೇಸ್ತ್ರಿಯಾದ ಟೂ ಮೂನ್ಸ್‌ನ ಗುಂಡಿನಿಂದ ಸಾಯುವನು. ಇಷ್ಟು ಹೊತ್ತು ನ್ಯಾಯವನ್ನು ತೂಗಿಸುತ್ತ ಬಂದ ಬೆನ್ನನಿಗೆ ಕಥೆಗಾರರು ಒಂದು ಗುಂಡಿನಿಂದ ಉತ್ತರ ಹೇಳಿ ಕೈತೊಳೆದುಕೊಂಡರೆಂದು ನಮಗನಿಸಿತು. ಮೈಕ್ ಮತ್ತು ಡೆನ್ನಿಯರಂತೂ ಮೊದಲಿನಿಂದ ಕಡೆಯವರೆಗೂ ಬೆನ್ನನ ಹಿಂದೆ ನಿಂತ ನೆರಳುಗಳು.

ತಂದೆಯ ಮರಣದ ಭಾಗವು ಈ ಕುಂದನ್ನೆಲ್ಲ ಮರೆಯಿಸುವಂಥದು. ಪಾರ್ಶ್ವವಾಯು ಬಡಿದು ಮೂಲೆಗೆ ಸೇರಿದ್ದ ಮ್ಯಾಟನು, ಮಕ್ಕಳು ನೆಲವನ್ನು ಮಾರಹೊರಟರೆಂದು ಕೇಳಿ ಕುದುರೆಯನ್ನೇರಿ ಅವರನ್ನು ತಡೆಯಲು ಹೊರಡುವನು. ಮೈಯಲ್ಲಿ ಶಕ್ತಿಯಿಲ್ಲ, ಹಠ ಮಾತ್ರ ಜೀನಿನ ಮೇಲೆ ನೆಟ್ಟಗೆ ಕುಳಿತಿದೆ. ಮಕ್ಕಳು ದೂರದಿಂದ ನೋಡಿ, ಹಳೆಯ ಭಯವು ಮರಳಿ ಬಂದು ಬೆದರುವರು. ಆದರೆ ತಡಿಯ ಮೇಲೆ ಕುಳಿತಿದ್ದಂತೆಯೇ ಆ ಪ್ರಾಣವು ಹೋಗಿಬಿಡುವುದು. ಟ್ರೇಸಿಯವರಿಗೆ ಆಗ ಐವತ್ತನಾಲ್ಕು ವರ್ಷ. 1937 ಮತ್ತು 1938ರ ಚಿತ್ರಗಳಿಗಾಗಿ ಒಂದರ ಹಿಂದೊಂದರಂತೆ ಎರಡು ಆಸ್ಕರುಗಳನ್ನು ಪಡೆದ ಕೀರ್ತಿಯು ಹಳೆಯದಾಗಿತ್ತು. ಇಲ್ಲಿ ಅವರು ಆ ಕೀರ್ತಿಯ ಸಾಲವನ್ನು ತೀರಿಸಿದಂತಿದೆ.

ಚಿತ್ರದ ಉದ್ದವು 96 ನಿಮಿಷ. ಆಗ ತಾನೆ ಬಳಕೆಗೆ ಬಂದಿದ್ದ ಸಿನಿಮಾಸ್ಕೋಪ್ ವಿಧಾನದಲ್ಲಿ, ಎತ್ತರಕ್ಕಿಂತ ಎರಡೂವರೆ ಪಾಲಿಗೂ ಮಿಕ್ಕ ಅಗಲದ ತೆರೆಗಾಗಿ, ಜೋ ಮ್ಯಾಕ್‌ಡೊನಾಲ್ಡರು ಇದರ ಛಾಯೆಯನ್ನು ಹಿಡಿದರು. ಬಯಲು ಬೆಟ್ಟಗಳಿಗೆ ಮಾತ್ರವಲ್ಲ, ಮನೆಯೊಳಗಣ ದೃಶ್ಯಗಳಿಗೂ ಆ ಅಗಲವು ಅಗತ್ಯ. ತಂದೆಯು ಒಂದು ತುದಿಯಲ್ಲಿ, ಮಗನು ಇನ್ನೊಂದು ತುದಿಯಲ್ಲಿ, ನಡುವೆ ಬರಿದಾದ ನೆಲ. ಟೆಲಿವಿಷನ್ನಿಗಾಗಿ ಎರಡು ಪಕ್ಕಗಳನ್ನೂ ಕತ್ತರಿಸಿದ ಪ್ರತಿಯಲ್ಲಿ ಇದು ಕಾಣಿಸುವುದಿಲ್ಲ. ಆದುದರಿಂದ ಮನೆಯಲ್ಲಿ ನೋಡುವವರು ಪೂರ್ತಿ ಅಗಲದ ಪ್ರತಿಯನ್ನೇ ಹುಡುಕಿ ತರಿಸಿಕೊಳ್ಳತಕ್ಕುದು. ಹೊಡೆದಾಟವು ಎರಡು ಮೂರು ಕಡೆಗಳಲ್ಲಿ ಮಾತ್ರ ಬರುವುದರಿಂದ ಬೆಳೆದ ಮಕ್ಕಳೊಡನೆ ಕುಳಿತು ನೋಡಲು ಅಡ್ಡಿಯಿಲ್ಲ. ಮುಗಿದ ಮೇಲೆ ಬೆನ್ನನ ಪಕ್ಷವನ್ನು ಹಿಡಿಯುವವರು ಮನೆಯಲ್ಲಿ ಒಬ್ಬರಾದರೂ ಇದ್ದೇ ಇರುವರು. ಅವರು ಹಿರಿಯ ಮಗನೇ ಆಗಿರುವ ಸಂಭವವು ಹೆಚ್ಚು.